ಕಾಕು ತೊಳೆದ ಡಬ್ಬಿ

ಬಾಡಿಗೆ ಕೋಣೆ ಕೇಳಿಕೊಂಡು ಹೋದ ಉದಗೀರಿನ ಆ ಮನೆಯ ಬಾಗಿಲು ತೆರೆದ ಹೆಂಗಸು ನನ್ನ ಹೆಸರು ಕೇಳುವ ಮೊದಲೇ ಮರಾಠಿಯಲ್ಲಿ ಏನೋ ಕೇಳಿದರು. ನಾನು ಕಣ್ಣು ಕಣ್ಣು ಬಿಟ್ಟೆ. "ಮಾಂಸ ತಿಂತೀಯೇನವ್ವಾ?" ಎಂದು ಕನ್ನಡದಲ್ಲಿ ಮತ್ತೆ ಕೇಳಿದರು. ಮಹಾರಾಷ್ಟ್ರದಲ್ಲಿ ಕನ್ನಡ ಕಿವಿಗೆ ಬಿದ್ದ ಖುಷಿಯಲ್ಲಿ, ಬಾಡೂಟವೆಂದರೆ ಪ್ರಾಣ ಬಿಡುವ ಮಂಡ್ಯದ ನಾನು "ಇಲ್ಲ" ಅಂದುಬಿಟ್ಟೆ. ಕೋಣೆ ಸಿಕ್ಕಿತು.

ಅವರನ್ನು ನಾನೂ ಎಲ್ಲರಂತೆ ಕಾಕು ಎಂದೆ. ಇಲ್ಲಿ ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ. ಕಾಳುಕಡ್ಡಿ ವ್ಯಾಪಾರದ ಲಿಂಗಾಯತ ಮನೆ. ಪೇಟೆಯಲ್ಲಿ ಮರಾಠಿ, ಕೆಲಸದಲ್ಲಿ ಹಿಂದಿ. ನನ್ನ ಕನ್ನಡಕ್ಕೆ ಕಾಕು ರೊಟ್ಟಿ ಬಡಿಯುವ ಅಡುಗೆಮನೆಯೊಂದೇ ಗತಿ. ಅದನ್ನು ಕಳೆದುಕೊಳ್ಳುವ ಭಯ ನನಗೆ ಸದಾ ಇತ್ತು.

ಇಲ್ಲಿನ ಪ್ರಯೋಗಾಲಯದಲ್ಲಿ ನನ್ನ ಕೆಲಸ ಸೊಳ್ಳೆ ಸಾಕುವುದು. ಜನ ನೀರು ತುಂಬಿಡುವ ಡ್ರಮ್ಮುಗಳಿಂದ ಮರಿ ಹಿಡಿದು ಬೆಳೆಸಿ, ಅವು ಇಟ್ಟ ಮೊಟ್ಟೆಗಳನ್ನು ಪುಣೆಗೆ ಕಳಿಸುತ್ತೇನೆ. ಅಲ್ಲಿ ಹುಟ್ಟಿದ ಸೊಳ್ಳೆಗಳಿಗೆ ಡೆಂಗಿ ವೈರಸ್ ತಗುಲಿಸಿ ನೋಡುತ್ತಾರೆ. ಸೋಂಕು ತಗುಲಿದರೂ ಜೀನ್‌ಗಳು ಇದ್ದ ಹಾಗೇ ಇರುತ್ತವೆ. ಯಾವ ಜೀನ್ ದುಡಿಯಬೇಕು, ಯಾವುದು ಸುಮ್ಮನಿರಬೇಕು ಎನ್ನುವ ಗುರುತುಗಳು ಬದಲಾಗುತ್ತವೆ. ಆ ಬದಲಾವಣೆ ಮರಿಗಳಿಗೂ ಇಳಿಯುತ್ತದೆಯೇ ಎಂಬುದು ಪ್ರಶ್ನೆ. ಸೀರೆ ಅದೇ, ಉಡುವ ಬಗೆ ಬೇರೆ ಎಂದು ಕಾಕುವಿಗೆ ವಿವರಿಸಿದ್ದೆ. ಮೊಟ್ಟೆ ಇಡಲು ಹೆಣ್ಣು ಸೊಳ್ಳೆಗೆ ರಕ್ತ ಬೇಕು, ಅದನ್ನು ಕಸಾಯಿ ಅಂಗಡಿಯಿಂದ ತರುತ್ತೇನೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಒಂದು ಸಂಜೆ ಮನೆಗೆ ಹೊರಡುವಾಗ ಕಾಕು ಕಟ್ಟಿಕೊಟ್ಟ ಊಟದ ಡಬ್ಬಿಯ ಬದಲು ರಕ್ತದ ಡಬ್ಬಿ ತಪ್ಪಿ ಚೀಲ ಸೇರಿತು. ಎಂದಿನಂತೆ ತೊಳೆಯಲು ಕಾಕು ಮುಚ್ಚಳ ತೆಗೆದರು. ಕೊರಳಲ್ಲಿ ಲಿಂಗ, ಕೈತುಂಬ ಆಡಿನ ರಕ್ತ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ತೊದಲುತ್ತ ಸೊಳ್ಳೆಯ ವಿಷಯವನ್ನೆಲ್ಲ ಹೇಳಿದೆ. ನಾನೂ ಬಾಡು ತಿನ್ನುವವಳು ಎಂಬುದು ಮಾತ್ರ ನಾಲಿಗೆಗೆ ಬರಲಿಲ್ಲ.

ಕಾಕು ಜಳಕ ಮಾಡಿ ಬಂದರು. ಗಂಟುಮೂಟೆ ಕಟ್ಟು ಅನ್ನುತ್ತಾರೆಂದು ಕಾದು ನಿಂತಿದ್ದೆ.

"ನೀ ಇಲ್ಲಿ ಸಾಕಿದ ಸೊಳ್ಳಿಗೆ ಜಡ್ಡು ಇಲ್ಲಲ್ಲ?"

"ಇಲ್ಲ ಕಾಕು. ಅದೆಲ್ಲ ಪುಣೆಯಲ್ಲಿ."

ಅವರು ಸೆರಗು ಸರಿಸಿ ತೋಳು ಚಾಚಿದರು. "ಹಂಗಾರ ನನ್ನ ಕೈಗೆ ಸೊಳ್ಳಿ ಕಡಸು. ಕೊಂದ ಆಡಿನ ರಕ್ತ ಬ್ಯಾಡ. ನೀನೂ ತಿನ್ನದಾಕಿ, ಅದನ್ನ ಮುಟ್ಟುವಾಗ ನಿನಗ ಎಷ್ಟು ಸಂಕಟ ಆಗಿರಬೇಕು, ಪಾಪ!"

ನಿಯಮ ಒಪ್ಪುವುದಿಲ್ಲ ಎಂದಷ್ಟೇ ಹೇಳಿ ಕೋಣೆ ಸೇರಿಕೊಂಡೆ.

ಹಬ್ಬಕ್ಕೆ ಮಂಡ್ಯಕ್ಕೆ ಹೋದಾಗ ಅಮ್ಮ ಬಾಡಿನ ಸಾರು ಬಡಿಸಿದಳು. ಕಾಕು ಚಾಚಿದ ತೋಳು ನೆನಪಾಗಿ ತಟ್ಟೆ ಸರಿಸಿದೆ, ಹೊಟ್ಟೆ ಸರಿಯಿಲ್ಲ ಎಂದೆ. ಮರಳಿ ಬಂದಾಗ ಕಾಕು, "ಊರಾಗ ಏನು ಉಂಡಿ?" ಎಂದರು. ಸೊಪ್ಪಿನ ಸಾರು, ಮುದ್ದೆ ಎಂದೆ. ಎರಡೂ ಮನೆಯಲ್ಲಿ ನನಗಾಗಿ ತಟ್ಟೆ ಹಾಕಿ ಕಾಯುವವರಿದ್ದಾರೆ. ಎರಡೂ ಕಡೆ ನಾನು ಸುಳ್ಳು ಹೇಳಿಯೇ ಉಣ್ಣಲು ಕೂರುತ್ತೇನೆ.