ಟೀಚರು ಹಾಗೆ ಅಂದಿರಲಿಲ್ಲ

ನನ್ನ ಹೆಂಡತಿಗೆ ಇದ್ದ ಒಬ್ಬಳೇ ಒಬ್ಬ ಗೆಳತಿಯನ್ನು ಸುಳ್ಳು ಹೇಳಿ ದೂರ ಮಾಡಿದವನು ನಾನು. ಒಂದಲ್ಲ, ಎರಡು ಸುಳ್ಳು — ಆ ಕಡೆಗೊಂದು, ಈ ಕಡೆಗೊಂದು. ಹತ್ತು ವರ್ಷದ ಮೇಲಾಯಿತು.

ಹುಣಸೂರಿನಲ್ಲಿ ನನ್ನದು ಹಳೆ ಬಾಗಿಲು, ಕಿಟಕಿಗಳ ವ್ಯಾಪಾರ. ಕೆಡವುವ ಮನೆಗಳಿಂದ ಕೊಳ್ಳುತ್ತೇನೆ, ಕಟ್ಟುವವರಿಗೆ ಮಾರುತ್ತೇನೆ. ಈ ಕಸುಬಿಗೆ ಬರುವವರಿಗೆ ನಾನು ಹೇಳುವ ಬುದ್ಧಿಮಾತು ಒಂದೇ: ಕೊಡುವವರನ್ನೂ ಕೊಳ್ಳುವವರನ್ನೂ ಎದುರುಬದುರು ಕೂರಿಸಬೇಡಿ. ನಡುವೆ ನೀವಿರಿ. ಆ ಮಾತನ್ನು ಮನೆಗೂ ತಂದೆನಲ್ಲ — ಅದೇ ತಪ್ಪು.

ಪಕ್ಕದ ಬೀದಿಯಲ್ಲಿ ವನಜಾಕ್ಷಿ ಟೀಚರು ಒಬ್ಬರೇ ಇದ್ದರು. ಏಳನೇ ಕ್ಲಾಸಿಗೆ ಓದು ಬಿಟ್ಟ ನನ್ನ ಜಯಮ್ಮನಿಗೆ ಒಂದು ದಪ್ಪ ಕಾದಂಬರಿ ಕೊಟ್ಟಿದ್ದರು. ಯಾವುದೋ ದೇಶದ, ಬಹಳ ಹಳೆಯ, ಹೆಸರಾದ ಪುಸ್ತಕವಂತೆ. ಸುಖ ಎಲ್ಲಿದೆ ಎಂದು ತುಂಬಿದ ಮನೆ ಬಿಟ್ಟು ಹೊರಟವನ ಕಥೆ. ಒಲೆಯ ಮೇಲೆ ಸಾರು ಉಕ್ಕಿದರೂ ಜಯಮ್ಮ ತಲೆ ಎತ್ತುತ್ತಿರಲಿಲ್ಲ.

“ಅವ್ನಿಗೇನ್ ಕಮ್ಮಿಯಾಗಿತ್ತಂತೆ?” ಎಂದೆ.

“ಏನೂ ಕಮ್ಮಿ ಇರ್ಲಿಲ್ಲ ಕಣ್ರೀ. ಅದುಕ್ಕೇ ಒಂಟೋದ,” ಎಂದು ನಕ್ಕಳು.

ಆ ನಗು ನನಗೆ ಚುಚ್ಚಿತು. ಏನೂ ಕಮ್ಮಿ ಇಲ್ಲದ ಮನೆ ಎಂದರೆ ನನ್ನದೇ ಅಲ್ಲವೇ? ನಾನೇ ಕಟ್ಟಿದ್ದು. ಇವಳಿಗೆ ಇದನ್ನು ಓದಿಸುತ್ತಿರುವುದು ಯಾಕೆ — ಒಬ್ಬಂಟಿ ಹೆಂಗಸು, ಏನು ಹೇಳಿಕೊಡುತ್ತಿದ್ದಾಳೆ? ಒಂದು ಮಧ್ಯಾಹ್ನ ಪುಸ್ತಕ ತೆಗೆದುಕೊಂಡು ಹೋಗಿ ಅಂಗಡಿಯ ಅಟ್ಟಕ್ಕೆ ಹಾಕಿದೆ.

ಜಯಮ್ಮನಿಗೆ ಹೇಳಿದೆ: “ಟೀಚರು ಬಂದು ಇಸ್ಕೊಂಡೋದ್ರು. ಇದು ಜಯಮ್ಮಂಗೆ ಅರ್ಥ ಆಗೋವಂಥದ್ದಲ್ಲ ಅಂದ್ರು.”

ಅವಳು ಅವತ್ತಿನಿಂದ ಆ ಬೀದಿಗೆ ಹೋಗುವುದನ್ನೇ ಬಿಟ್ಟಳು.

ಟೀಚರು ಅಂಗಡಿಗೆ ಬಂದು ವಿಚಾರಿಸಿದಾಗ, “ಪುಸ್ತ್ಕ ಕಳ್ದಾಕವ್ಳೆ. ನಿಮ್ ಮಕ ನೋಡಕ್ಕೆ ನಾಚ್ಕೆಯಂತೆ,” ಎಂದೆ. ವ್ಯಾಪಾರ ಕುದುರಿಸಿದಷ್ಟೇ ಸಲೀಸಾಗಿ. ಆಮೇಲೆ ಅವರಿಗೆ ಕೆ.ಆರ್. ನಗರಕ್ಕೆ ವರ್ಗವಾಯಿತು.

ಜಯಮ್ಮ ಮತ್ತೆ ಪುಸ್ತಕ ಮುಟ್ಟಲಿಲ್ಲ. ದಿನಪತ್ರಿಕೆ ಕೊಟ್ಟರೂ, “ನಂಗೆಲ್ಲಿ ಅರ್ಥ ಆಯ್ತದೆ, ಬುಡಿ,” ಎನ್ನುತ್ತಿದ್ದಳು. ನಾನು ಕೇಳಿಸಿಕೊಂಡೂ...

ಮೊನ್ನೆ ಕೆ.ಆರ್. ನಗರದಲ್ಲಿ ಮನೆ ಕೆಡವುತ್ತಾರೆಂದು ಬಾಗಿಲು ನೋಡಲು ಹೋದೆ. ತೆರೆದವರು ಟೀಚರು. ನಾನು ಹೇಳಿದ ಬೆಲೆಗೇ ಒಪ್ಪಿಬಿಟ್ಟರು! ಚೌಕಾಸಿ ಮಾಡದೆ ಕೊಡುವವರನ್ನು ನಾನು ನಂಬುವುದಿಲ್ಲ. ಎಲ್ಲ ಗೊತ್ತಾಗಿದೆ, ಬಲೆ ಬೀಸಿದ್ದಾರೆ ಎಂದುಕೊಂಡೆ.

“ಜಯಮ್ಮನಿಗೆ ಹೇಳಿ, ಪುಸ್ತಕ ಹೋದರೆ ಹೋಯ್ತು,” ಎಂದರು. “ಅಷ್ಟಕ್ಕೆ ಬರೋದೇ ಬಿಟ್ಟರಲ್ಲ, ಅದೇ ಬೇಜಾರು.”

ಬಲೆ ಇರಲಿಲ್ಲ. ಬಾಗಿಲು ಅಲ್ಲೇ ಬಿಟ್ಟು ಬಂದೆ.

ಜಯಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಬಯ್ಯುತ್ತಾಳೆಂದು ಕಾದೆ.

“ಅಂಗಾರೆ... ಅವ್ರು ಅಂಗಂದಿರ್ಲೇ ಇಲ್ವಾ? ನಂಗೆ ಅರ್ಥ ಆಗಾಕಿಲ್ಲ ಅಂತ?”

“ಇಲ್ಲ.”

“ಒಂದ್ಸಲಾನೂ?”

ಆಗ ನನಗೆ ತಿಳಿಯಿತು — ಅವಳು ಕಳೆದುಕೊಂಡದ್ದು ಗೆಳತಿಯನ್ನು ಮಾತ್ರ ಅಲ್ಲ.

ಇವತ್ತು ಬೆಳಿಗ್ಗೆ, ನಾನು ಅಟ್ಟದಿಂದ ಇಳಿಸಿಕೊಟ್ಟ ಪುಸ್ತಕದ ಧೂಳು ಒರೆಸಿ ಬ್ಯಾಗಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟಳು. ನಾನೂ ಬರುತ್ತೇನೆ ಎಂದೆ.

“ನೀವು ಬ್ಯಾಡಿ. ನೀವು ಮಧ್ಯ ಇದ್ರೆ ಮಾತೇ ಬ್ಯಾರೆ ಆಗೋಯ್ತದೆ.”

ಇದನ್ನು ಬರೆಯುತ್ತಿರುವಾಗಲೂ ನನ್ನ ಬುದ್ಧಿ ಸುಮ್ಮನಿಲ್ಲ. ಇಬ್ಬರೂ ಸೇರಿ ನನ್ನ ಬಗ್ಗೆ ಏನಂದುಕೊಳ್ಳುತ್ತಿದ್ದಾರೋ, ಸಂಜೆಯ ಬಸ್ಸಿಗೆ ಬರುತ್ತಾಳೋ ಇಲ್ಲವೋ — ಫೋನು ಕೈಯಲ್ಲೇ ಇದೆ. ಮಾಡುವುದಿಲ್ಲ. ಬಂದ ಮೇಲೂ, ಏನು ಮಾತಾಡಿದಿರಿ ಎಂದು ಕೇಳುವುದಿಲ್ಲ.