ಖಾಲಿ ಹೊಟ್ಟೆಯ ಚಹಾ

ಈಚೆಗೆ ನನಗೊಂದು ಚಟ ಹತ್ತಿದೆ. ಕನ್ನಡಿ ಕಂಡಲ್ಲೆಲ್ಲ ನಿಂತು ಗಂಟಲು ಮುಟ್ಟಿ ನೋಡಿಕೊಳ್ಳುತ್ತೇನೆ. ಸಪ್ತಾಪುರದ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುವವಳು ನಾನು. ಕಂಠ ಹೋದರೆ ನನಗೆ ಉಳಿಯುವುದು ಬರೀ ತಂಬೂರಿ. ಕಳೆದ ಚಳಿಗಾಲದಲ್ಲಿ ದನಿ ದಪ್ಪಗಾಯಿತು, ಮೇಲಿನ ‘ಸಾ’ ಸಿಗದಾಯಿತು. ಮಧ್ಯಾಹ್ನವಾದರೆ ತೂಕಡಿಕೆ, ಬಾಚಣಿಗೆ ತುಂಬ ಕೂದಲು. ಕೇಳಿದವರಿಗೆಲ್ಲ ನೆಗಡಿ ಎಂದೆ. ಒಳಗೊಳಗೇ ಹೆದರಿ ಸತ್ತಿದ್ದೆ.

ಹುಬ್ಬಳ್ಳಿ ವಿದ್ಯಾನಗರದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಮಂದವಾಗಿದೆ ಎಂದರು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಗುಳಿಗೆ. ಅಂದಿನಿಂದ ಸಿಕ್ಕಿದ್ದೆಲ್ಲ ಓದತೊಡಗಿದೆ. ಓದಿದಷ್ಟೂ ಅಂಜಿಕೆ ಹೆಚ್ಚಿತು. ಗಂಟಲಲ್ಲಿ ಪಾತರಗಿತ್ತಿಯಂತೆ ಕೂತ ಈ ಗ್ರಂಥಿ ಎದೆಬಡಿತ, ಮೈಬಿಸಿ, ಜೀರ್ಣ ಎಲ್ಲದರ ಲಯ ಕಾಯುತ್ತದಂತೆ. ಅದು ಮಂಕಾದರೆ ಮಿದುಳಿನ ಬುಡದ ಇನ್ನೊಂದು ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಟ್ಟು ಎಬ್ಬಿಸುತ್ತದೆ. ಏಳದಿದ್ದರೆ ಮತ್ತಷ್ಟು ಬಿಡುತ್ತದೆ, ಮಹಡಿ ಮೇಲಿಂದ ಸೊಸೆಯನ್ನು ಕೂಗುವ ಅತ್ತೆಯ ಹಾಗೆ. ಕೂಗು ಜೋರಾದಷ್ಟೂ ಕೆಲಸ ಆಗಿಲ್ಲವೆಂದೇ ಅರ್ಥ. ತಿಂಗಳುಗಟ್ಟಲೆ ಗುಳಿಗೆ ನುಂಗಿದರೂ ನನ್ನ ರಿಪೋರ್ಟಿನಲ್ಲಿ ಆ ಕೂಗು ಇಳಿಯಲೇ ಇಲ್ಲ. ಮತ್ತೇನೋ ದೊಡ್ಡ ರೋಗವೇ ಇರಬೇಕೆಂದುಕೊಂಡು ಮತ್ತೆ ಹುಬ್ಬಳ್ಳಿ ಬಸ್ಸು ಹತ್ತಿದೆ.

“ಗುಳಿಗಿ ಖಾಲಿ ಹೊಟ್ಟೀಲೆ ತೊಗೊಳ್ತೀರಿಲ್ರಿ?” ಎಂದರು ಡಾಕ್ಟರಮ್ಮ.

“ಹೌದ್ರಿ, ಒಂದ ದಿನಾನೂ ತಪ್ಪಿಸಿಲ್ಲ. ಎದ್ದ ಕೂಡ್ಲೆ, ಚಹಾದ ಜೋಡಿ.”

ಅವರು ಕನ್ನಡಕ ತೆಗೆದರು. “ಚಹಾ ಕುಡದ್ರ ಹೊಟ್ಟಿ ಖಾಲಿ ಹೆಂಗ ಇರ್ತದರಿ?”

“ಚಹಾ ಕುಡದ್ರ ತಿಂದಂಗ ಆಗ್ತದೇನ್ರಿ? ಸೋಮವಾರದ ಉಪವಾಸಕ್ಕೂ ನಡೀತದಲ್ರಿ!”

ನಕ್ಕುಬಿಟ್ಟರು. “ನಮ್ಮವ್ವಾನೂ ಹಿಂಗ ಅಂತಾಳ್ರಿ. ಶಿವಾ ನಡಸ್ಕೊಂಡಾನು, ಗುಳಿಗಿ ನಡಸ್ಕೊಳ್ಳೂದಿಲ್ಲ. ಚಹಾ ಅದನ್ನ ಮೈಗೆ ಹತ್ತಗೊಡೂದಿಲ್ಲ. ನೀರಿನ ಜೋಡಿ ನುಂಗಿ, ತಾಸು ಬಿಟ್ಟು ಚಹಾ ಕುಡೀರಿ.”

ಚಹಾ ಇಲ್ಲದ ಆ ಒಂದು ತಾಸು ಎಂಥದೆಂದು ನಮ್ಮ ಹಾಲಿನವನನ್ನು ಕೇಳಬೇಕು, ಬೈಸಿಕೊಂಡವನು ಅವನೇ. ಅಂತೂ ಮಹಡಿ ಮೇಲಿನ ಅತ್ತೆ ಸುಮ್ಮನಾದಳು, ರಿಪೋರ್ಟ್ ಸರಿ ಬಂತು, ದನಿಯೂ ತೆಳುವಾಯಿತು. ಆದರೆ ಮೇಲಿನ ‘ಸಾ’ ಹತ್ತಿರ ಬಂದರೆ ಸಾಕು, ಎದೆ ಡವಡವ.

“ಎಲ್ಲಾ ಛಲೋ ಬಂದದಲ್ಲ, ಇನ್ಯಾಕ ಅಂಜ್ತಿ?” ಎಂದರು ನಮ್ಮ ಮನೆಯವರು.

ಮತ್ತೆ ಪುಸ್ತಕ ತೆಗೆದೆ. ಈ ಡವಡವ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಬೇರೆಯೇ ಗ್ರಂಥಿಗಳ ಕೆಲಸವಂತೆ. ಓದುತ್ತ ಹೊಳೆಯಿತು: ಕಂಠ ಗಟ್ಟಿಯಾಗಿದ್ದ ಕಾಲದಲ್ಲೂ ನಾನು ಅಂಜದೆ ಆ ‘ಸಾ’ ಮುಟ್ಟಿದವಳಲ್ಲ. ತಂಬೂರಿ ಮೀಟಿ, ಅಂಜುತ್ತಲೇ ಏರಿದೆ. ‘ಸಾ’ ತುಸು ನಡುಗಿತು, ಆಮೇಲೆ ನಿಂತಿತು. ಈ ಅಂಜಿಕೆಗೆ ಮಾತ್ರ ಡಾಕ್ಟರಮ್ಮನ ಹತ್ತಿರ ಗುಳಿಗೆ ಕೇಳಬಾರದೆಂದಿದ್ದೇನೆ. ಅದೂ ವಾಸಿಯಾಗಿಬಿಟ್ಟರೆ ಹಾಡುವವರು ಯಾರು?