ಮೊದಲ ವೀಳ್ಯ ಯಾರಿಗೆ

ವೀಳ್ಯದೆಲೆಯ ಕಟ್ಟು ಬಿಚ್ಚಿ, ನೀರು ಕೊಡವಿ, ಒಂದೊಂದೇ ಎಲೆಯನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಆ ಎಲೆಗಳಿಗೆ ಅಮೆರಿಕದ ಅಧ್ಯಕ್ಷರ ಹೆಸರಿಟ್ಟು ಕಿತ್ತಾಡುವ ಇಬ್ಬರು ವಯಸ್ಸಾದವರನ್ನು ನೀವು ಶಿರಾಳಕೊಪ್ಪದ ಸಂತೆಯ ದಿನ ಯಾವುದಾದರೂ ಹೋಟೆಲಿನಲ್ಲಿ ಕಂಡಿದ್ದರೆ, ಅವರಲ್ಲಿ ತೆಳ್ಳಗಿರುವವರು ಸೊರಬದ ನಿವೃತ್ತ ಸಮಾಜ ವಿಜ್ಞಾನದ ಮೇಷ್ಟ್ರು ಕೆರಿಯಪ್ಪನವರು. ಹೊಟ್ಟೆ ಮುಂದೆ ಬಂದವನು ಶಿಕಾರಿಪುರದಲ್ಲಿ ಕಬ್ಬಿಣದ ಅಂಗಡಿ ಇಟ್ಟಿರುವ ನಾನು. ನಮ್ಮಿಬ್ಬರ ಊರುಗಳ ನಡುವೆ ಸಿಗುವ ಪೇಟೆಯೆಂದು ಶಿರಾಳಕೊಪ್ಪವನ್ನು ಆರಿಸಿಕೊಂಡೆವು. ವಾದಕ್ಕೆ ಅಮೆರಿಕವನ್ನು ಆರಿಸಿಕೊಂಡದ್ದಕ್ಕೆ ಬೇರೆಯೇ ಕಾರಣವಿದೆ. ಶಿಕಾರಿಪುರವೂ ಸೊರಬವೂ ರಾಜ್ಯಕ್ಕೆ ಮುಖ್ಯಮಂತ್ರಿಗಳನ್ನು ಕೊಟ್ಟ ತಾಲ್ಲೂಕುಗಳು. ನಮ್ಮ ನಮ್ಮ ರಾಜಕಾರಣ ಮಾತಾಡಿದರೆ ಚಹಾ ಮುಗಿಯುವ ಮೊದಲೇ ಸ್ನೇಹ ಮುಗಿಯುತ್ತದೆ. ನನ್ನಂಥ ಮುಂಗೋಪಿಗೆ ಈ ವಯಸ್ಸಿನಲ್ಲಿ ದಕ್ಕಿದ ಒಬ್ಬನೇ ಸ್ನೇಹಿತ ಆ ಮನುಷ್ಯ. ಆದ್ದರಿಂದ ನಮಗೆ ಯಾವ ಸಂಬಂಧವೂ ಇಲ್ಲದ, ಓಟು ಕೇಳಲು ಬರದ ಆ ದೂರದ ದೊರೆಗಳೇ ಸುರಕ್ಷಿತವೆಂದುಕೊಂಡಿದ್ದೆವು.

ಎಲೆಗಳನ್ನು ಜೋಡಿಸುವುದು ಮೇಷ್ಟ್ರ ಉಪಾಯ. ನಮ್ಮ ಕಡೆಯ ಮದುವೆಗಳಲ್ಲಿ ಮೊದಲ ವೀಳ್ಯ ಯಾರ ಕೈಗೆ ಹೋಗಬೇಕು, ಎರಡನೆಯದು ಯಾವ ಮನೆತನಕ್ಕೆ ಎಂಬುದರಲ್ಲಿ ಒಂದಿಷ್ಟು ಹೆಚ್ಚುಕಡಿಮೆಯಾದರೂ ಸಾಕು, ಬಡಿಸಿದ ಎಲೆಯ ಮುಂದಿನಿಂದ ಬಳಗಕ್ಕೆ ಬಳಗವೇ ಎದ್ದು ಹೋದದ್ದನ್ನು ನೀವೂ ಕಂಡಿರುತ್ತೀರಿ. ಯಾರು ದೊಡ್ಡವರು ಎಂದು ತೀರ್ಮಾನಿಸಲು ಇದಕ್ಕಿಂತ ಕಟ್ಟುನಿಟ್ಟಾದ ಪದ್ಧತಿ ಯಾವ ವಿಶ್ವವಿದ್ಯಾಲಯದಲ್ಲಿಯೂ ಇರಲಾರದು. ಈಗ ಕುರ್ಚಿಯ ಮೇಲೆ ಕೂತಿರುವವರಿಗೆ ವೀಳ್ಯವಿಲ್ಲ, ಇಳಿದ ಮೇಲೆ ನೋಡೋಣ ಎಂಬುದು ನಮ್ಮ ನಿಯಮ. ಎರಡನೆಯ ಎಲೆಯಿಂದ ಕೆಳಕ್ಕೆ ಪ್ರತಿ ವಾರವೂ ಅದಲುಬದಲು ನಡೆಯುತ್ತಿತ್ತು; ದೇಶ ಕಟ್ಟಿದ ಮೊದಲಿಗ ಒಂದು ವಾರ ಮೇಲೆ, ಮತ್ತೊಂದು ವಾರ ಮನೆಯಲ್ಲಿ ಜೀತದವರನ್ನು ಇಟ್ಟುಕೊಂಡಿದ್ದನೆಂದು ಕೆಳಗೆ. ಮೊದಲ ವೀಳ್ಯ ಮಾತ್ರ ಗುಲಾಮರನ್ನು ಬಿಡಿಸಿದ ಆ ಗಡ್ಡದವನಿಗೇ ಮೀಸಲು, ಅದಕ್ಕೆ ಇಬ್ಬರದೂ ಒಪ್ಪಿಗೆ ಎಂದು ನಾನು ನಂಬಿದ್ದೆ.

ಇಲ್ಲಿ ನನ್ನ ಮನೆಯ ಒಂದು ವಿಷಯ ಹೇಳಿಬಿಡಬೇಕು. ಕುಬಟೂರಿನ ಹತ್ತಿರ, ಕೆರೆಯ ಕೆಳಗೆ, ನಮ್ಮಪ್ಪನಿಗೆ ಗದ್ದೆಯಿತ್ತು. ಉಳುವವನೇ ಒಡೆಯ ಎಂಬ ಕಾಯ್ದೆ ಬಂದಾಗ ಗೇಣಿಗೆ ಮಾಡುತ್ತಿದ್ದವರು ಉಳುವವರು ನಾವೇ ಎಂದು ಡಿಕ್ಲರೇಷನ್ ಹಾಕಿದರು, ಗದ್ದೆ ಅವರದಾಯಿತು. ನಾನಾಗ ಸಣ್ಣ ಹುಡುಗ, ಗೇಣಿದಾರರ ಹೆಸರು ಕೂಡ ಗೊತ್ತಿಲ್ಲ. ಅಪ್ಪ ಆ ಹೆಸರನ್ನು ಮನೆಯಲ್ಲಿ ಆಡಗೊಡುತ್ತಿರಲಿಲ್ಲ. ಶಿಕಾರಿಪುರಕ್ಕೆ ಬಂದು ಅಂಗಡಿ ಇಟ್ಟು ನಾವು ಚೆನ್ನಾಗಿಯೇ ಬದುಕಿದೆವು, ಆದರೂ ಆ ಗದ್ದೆಯ ಸಂಕಟ ಅಪ್ಪನಿಂದ ನನಗೆ ಬಳುವಳಿಯಾಗಿ ಬಂತು. ಚಹಾ ಕುಡಿಯುತ್ತ ಅದನ್ನು ಮೇಷ್ಟ್ರ ಮುಂದೆ ಅದೆಷ್ಟು ಸಲ ತೋಡಿಕೊಂಡಿದ್ದೇನೋ, ಗೇಣಿದಾರರನ್ನು ಏನೇನು ಅಂದಿದ್ದೇನೋ ಲೆಕ್ಕವಿಲ್ಲ. ಅವರು ತಲೆಯಾಡಿಸಿ ಇನ್ನೊಂದು ಚಹಾ ಹೇಳುತ್ತಿದ್ದರು.

ಮೊನ್ನೆ ಮಳೆಗಾಲ ಮುಗಿದ ಮೇಲಿನ ಒಂದು ಸಂತೆಯ ದಿನ ಮೇಷ್ಟ್ರು ಮೊದಲ ಎಲೆಯನ್ನು ಎತ್ತಿ, ಸಾಲಿನ ಕೊನೆಯ ಹತ್ತಿರಕ್ಕೆ ತಂದಿಟ್ಟರು. ನಾನು ದಂಗಾದೆ. ದೇವರ ಕೋಣೆಯ ಮೂರ್ತಿಯನ್ನು ತೆಗೆದು ಕೊಟ್ಟಿಗೆಯಲ್ಲಿಟ್ಟರೆ ಎಷ್ಟು ಗಾಬರಿಯಾದೀತೋ ಅಷ್ಟೇ ಗಾಬರಿ. ತಮಾಷೆಯೆಂದು ಮುಖ ನೋಡಿದರೆ ಅಲ್ಲಿ ನಗೆಯಿಲ್ಲ.

“ಬಿಡಿಸಿದ, ಸರಿ. ನಿಲ್ಲೋಕೆ ಒಂದು ಗುಂಟೆ ನೆಲ ಕೊಟ್ನಾ ಮಾರಾಯ್ರೆ?” ಎಂದರು.

ಗುಲಾಮಗಿರಿಯ ಮೇಲೆ ಅಲ್ಲಿ ನಡೆದ ಅಂತರ್ಯುದ್ಧ ಮುಗಿಯುವ ಹೊತ್ತಿಗೆ ಕೆಲವು ಕಡೆ ಬಿಡುಗಡೆಯಾದವರಿಗೆ ಜಮೀನು ಹಂಚಿದ್ದರು, ಆತ ಸತ್ತ ಮೇಲೆ ಪಟ್ಟಕ್ಕೆ ಬಂದವನು ಅದನ್ನು ಹಳೆಯ ಧಣಿಗಳಿಗೇ ವಾಪಸು ಕೊಡಿಸಿದ, ಸ್ವತಂತ್ರರಾದವರು ಅದೇ ಧಣಿಯ ಹೊಲದಲ್ಲಿ ಪಾಲಿಗೆ ದುಡಿಯುತ್ತ ಅದೇ ಅಂಗಳದಲ್ಲಿ ಕೈಕಟ್ಟಿ ನಿಂತರು ಎಂದು ಪಾಠ ಮಾಡುವ ದನಿಯಲ್ಲಿ ಹೇಳಿದರು. ಗುಂಡು ತಿಂದು ಸತ್ತದ್ದು ಆತನ ತಪ್ಪೇ ಎಂದು ನಾನು ಕೇಳಿದೆ. ತನ್ನ ನಂತರ ಕೂರಬೇಕಾದವನನ್ನು ಜೊತೆಗೆ ಚುನಾವಣೆಗೆ ನಿಲ್ಲಿಸಿಕೊಂಡವನೂ ಆತನೇ ಅಲ್ಲವೇ ಎಂದು ಅವರು ಕೇಳಿದರು. ನನಗೆ ರೇಗಿತು. ರೇಗಿದಾಗ ನನ್ನ ನಾಲಿಗೆ ಎಲ್ಲಿಗೆ ಹರಿಯುತ್ತದೆಯೋ ಅಲ್ಲಿಗೇ ಹರಿಯಿತು.

“ನೆಲ ಕೊಟ್ರ ಏನಾಗ್ತತಿ ಅಂತ ನಂಗ ಗೊತ್ತೈತ್ರೀ ಮೇಷ್ಟ್ರೇ. ನಮ್ಮಪ್ಪನ ಗದ್ದಿ ಕೊಟ್ಟು ನೋಡೀವಲ್ಲ. ತಗಂಡೋರು ಅದ್ರಾಗ ಯಾರನ್ನ ಉದ್ಧಾರ ಮಾಡಿದ್ರು?”

“ನನ್ನನ್ನ,” ಎಂದರು ಮೇಷ್ಟ್ರು. “ಆ ಕೆರೆ ಕೆಳಗಿನ ಗದ್ದೆಗೆ ಡಿಕ್ಲರೇಷನ್ ಹಾಕಿದ್ದು ನಮ್ಮಪ್ಪ.”

ಓದುಗ ಮಿತ್ರರೇ, ಸಂತೆಯ ಗದ್ದಲ, ಹೋಟೆಲಿನ ಲೋಟಗಳ ಸದ್ದು ಎಲ್ಲವೂ ಇದ್ದವು, ಆದರೆ ಯಾವುದೂ ಕಿವಿಗೆ ಬೀಳಲಿಲ್ಲ. ಇಷ್ಟು ವರ್ಷ ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡು, ನನ್ನದೇ ಚಹಾದ ದುಡ್ಡು ಕೊಟ್ಟವರು ಇವರೇ. ನಿಮ್ಮ ಮೂಲ ಯಾವೂರು ಎಂದಾಗಲೆಲ್ಲ ಆನವಟ್ಟಿ ಕಡೆ ಎಂದಷ್ಟೇ ಹೇಳಿ ಮಾತು ತಿರುಗಿಸಿದ್ದರು, ನಾನೂ ಕೆದಕಿರಲಿಲ್ಲ. ಮೇಷ್ಟ್ರು ನನ್ನ ಮುಖ ನೋಡದೆ, ಎಲೆಯ ತೊಟ್ಟು ಮುರಿಯುತ್ತ ಹೇಳಿದರು: “ನಮ್ಮಪ್ಪ ನಿಮ್ಮನೆ ಅಂಗಳದಲ್ಲಿ ಒಂದು ದಿನಾನೂ ಕೂತವನಲ್ಲ. ನಾನು ನಿಮ್ಮ ಎದುರಿಗೆ ಕೂತು ವಾರ ವಾರ ಜಗಳ ಆಡ್ತೀನಿ. ಆ ಗದ್ದೆ ಇಲ್ದಿದ್ರೆ ಇದಾಗ್ತಿತ್ತಾ ನೀವೇ ಹೇಳಿ.”

ನಾನು ಚೀಲ ಎತ್ತಿಕೊಂಡು ಬಸ್ಸು ಹತ್ತಿದೆ. ಆ ವಾರವೆಲ್ಲ ಗಿರಾಕಿ ಮೊಳೆ ಕೇಳಿದರೆ ತಂತಿ ಕೊಟ್ಟೆ. ಮೋಸವಾಯಿತೆಂದು ಒಂದು ಗಳಿಗೆ ಸಿಟ್ಟು, ಆಡಿದ ಮಾತುಗಳೆಲ್ಲ ನೆನಪಾಗಿ ಮರುಗಳಿಗೆಗೆ ನಾಚಿಕೆ. ಅದಕ್ಕಿಂತ ದೊಡ್ಡ ಆಘಾತ ಇನ್ನೊಂದಿತ್ತು. ಗಡ್ಡದವನಿಗೆ ಮೊದಲ ವೀಳ್ಯ ಕೊಟ್ಟು ನಾನು ಎಷ್ಟೊಂದು ಉದಾರಿಯೆಂದು ಬೀಗಿದ್ದೆನಲ್ಲ, ಆ ಔದಾರ್ಯಕ್ಕೆ ನನ್ನ ಕೈಯಿಂದ ಏನೂ ಹೋಗಬೇಕಾಗಿರಲಿಲ್ಲ. ಸಮುದ್ರದಾಚೆಯ ಧಣಿಗಳು ಕಳೆದುಕೊಂಡದ್ದಕ್ಕೆ ಚಪ್ಪಾಳೆ ತಟ್ಟುತ್ತ, ಕುಬಟೂರಿನಲ್ಲಿ ಕಳೆದುಕೊಂಡದ್ದಕ್ಕೆ ಹೊಟ್ಟೆ ಉರಿದುಕೊಳ್ಳುತ್ತ, ಎರಡೂ ಒಂದೇ ಜಾತಿಯ ವಿಷಯವೆಂದು ಒಂದು ದಿನವಾದರೂ ಹೊಳೆಯದೆ ಬದುಕಿದ್ದೆ. ಅಪ್ಪನ ಸಂಕಟ ಸುಳ್ಳಲ್ಲ, ಅದು ನಾನು ಕಣ್ಣಾರೆ ಕಂಡದ್ದು. ಅಂಗಳದಲ್ಲಿ ನಿಂತೇ ಇದ್ದ ಇನ್ನೊಬ್ಬ ಅಪ್ಪನ ಕಾಲು ನೋಯುತ್ತಿತ್ತೆಂಬುದೂ ಸುಳ್ಳಾಗಿರಲಾರದು. ಇತಿಹಾಸದಲ್ಲಿ ಯಾರು ದೊಡ್ಡವರೆಂದು ಹೇಳುವವನು ತಾನು ಜಗಲಿಯ ಮೇಲಿದ್ದನೋ ಅಂಗಳದಲ್ಲಿದ್ದನೋ ಎಂಬುದನ್ನು ಮೊದಲೇ ಹೇಳಿಬಿಟ್ಟರೆ ಚೆನ್ನ ಎನ್ನಿಸುತ್ತದೆ.

ಮುಂದಿನ ಸಂತೆಗೆ ಹೋಗುವುದೋ ಬೇಡವೋ ಎಂದು ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟೆ. ಮೂರನೆಯದಕ್ಕೆ ಹತ್ತಿದೆ. ಹೋಟೆಲಿಗೆ ಹೋಗುವಷ್ಟರಲ್ಲಿ ನಮ್ಮ ಹೊತ್ತು ಮೀರಿ ಎಷ್ಟೋ ಆಗಿತ್ತು. ಮೇಷ್ಟ್ರು ಖಾಲಿ ಲೋಟ ಮುಂದಿಟ್ಟುಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದರು. ನನ್ನನ್ನು ಕಂಡದ್ದೇ ತಡ, ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದರು: ಎದ್ದು ನಿಂತರು. ಹೆಗಲ ಮೇಲಿದ್ದ ಟವೆಲು ಕೈಗೆ ಬಂದಿತ್ತು. ಅದು ಅವರಿಗೇ ಗೊತ್ತಾಗಿರಲಿಲ್ಲವೆಂದು ಕಾಣುತ್ತದೆ.

“ಕೂತ್ಕಳ್ರೀ ಮೇಷ್ಟ್ರೇ,” ಎಂದೆ. “ನಿಂತೋರ ಜೋಡಿ ನಾನು ಜಗಳ ಆಡಂಗಿಲ್ಲ.”

ಅವರು ಕೂರುವವರೆಗೂ ನಾನು ನಿಂತೇ ಇದ್ದೆ.